ಸುಕ್ಕು, ಹೊಗೆ, ಬಹುಮಾನ: ಚಾಟ್ಸ್‌ವರ್ತ್ ಶಾಖೆಯ ಛಾಯಾಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಮಂಗಳ, ಆಮೇಲೆ ಪ್ರಯೋಜನ, ಆಮೇಲೆ ಅದನ್ನು ಓದಲು ಅಧಿಕಾರಿ ಯಾರೆಂಬ ನಿರ್ಣಯ. ಮಂಗಳ ಗಣಪತಿಗೆ ಸಂದಿದೆ. ಪ್ರಯೋಜನವೇನೆಂದರೆ, ಲಾಸ್ ಏಂಜಲೀಸ್ ನಗರದ ವಾಯವ್ಯ ಮೂಲೆಯ ಚಾಟ್ಸ್‌ವರ್ತ್‌ನಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು ರಾಜ್ಯೋತ್ಸವದ ನೆಪದಲ್ಲಿ ‘ಕುಶಲಕರ್ಮಿ’ ಎಂಬ ವಿಷಯ ಕೊಟ್ಟು ಹವ್ಯಾಸಿ ಫೋಟೊ ಸ್ಪರ್ಧೆ ಇಟ್ಟವು. ಬಂದ ನಲವತ್ತು ಚಿಲ್ಲರೆ ಚಿತ್ರಗಳಲ್ಲಿ ಮೂರನ್ನು ಆರಿಸಿ ಉಳಿದವರ ಸ್ನೇಹವನ್ನೂ ಉಳಿಸಿಕೊಳ್ಳಬೇಕಾಗಿತ್ತು. ಇನ್ನು ಅಧಿಕಾರಿ: ಕ್ಯಾಮೆರಾ ಬಲ್ಲವನು, ಸುತ್ತಿಗೆ ಅರಿಯದವನು. ಈ ಲಕ್ಷಣ ತೀರ್ಪುಗಾರರಾದ ನಮ್ಮ ಮೂವರಿಗೂ ಲೋಪವಿಲ್ಲದೆ ಹೊಂದುತ್ತಿತ್ತು. ಒಬ್ಬರು ಸಾಫ್ಟ್‌ವೇರ್, ಇನ್ನೊಬ್ಬರು ಹಲ್ಲಿನ ಡಾಕ್ಟರು, ಮೂರನೆಯವನು ನಾನು, ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದ ನಿವೃತ್ತ ಕನ್ನಡ ಮೇಷ್ಟ್ರು. ತಾವೂ ಕೈಕಸುಬಿನವರೇ ಎಂದು ಡಾಕ್ಟರು ತಕರಾರು ತೆಗೆದರು. ಎರಡು–ಒಂದು ಮತದಿಂದ ಅದು ಬಿದ್ದುಹೋಯಿತು.

ಈ ಶಾಸ್ತ್ರದ ಮೊದಲ ಸೂತ್ರ ಮೂರನೇ ಒಂದರ ನಿಯಮ. ಚೌಕಟ್ಟಿಗೆ ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದು ಒಂಬತ್ತು ಮನೆ ಮಾಡಿ, ಗೆರೆಗಳು ಸಂಧಿಸುವಲ್ಲಿ ಮನುಷ್ಯನನ್ನು ಪ್ರತಿಷ್ಠಾಪಿಸಬೇಕು. ಇದಕ್ಕೆ ಹೆಸರಿಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್, 1797ರಲ್ಲಿ, ಹಳ್ಳಿಗಾಡಿನ ದೃಶ್ಯ ಬರೆಯುವ ಚಿತ್ರಕಾರರಿಗಾಗಿ. ದಾಗೆರ್‌ನ ಫೋಟೊ ವಿಧಾನ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅಂದರೆ ಶಿಶು ಹುಟ್ಟುವ 42 ವರ್ಷ ಮೊದಲೇ ಕುಲಾವಿ ಹೊಲಿದಾಗಿತ್ತು. ಸಾಫ್ಟ್‌ವೇರಿನವರಿಗೆ ಈ ನಿಯಮ ಶ್ರುತಿಸಮಾನ. ಅವರ ಫೋನಿನಲ್ಲಿ ಆ ಗೆರೆಗಳು ತಾವೇ ಮೂಡುತ್ತವೆ.

ನಿಯಮಕ್ಕೆ ಬಲಿಯಾದವನು ಒಬ್ಬ ದರ್ಜಿ. ಅವನು ಎಡಗಡೆ ಕೂತಿದ್ದನಂತೆ. ಬಲಗಡೆ ಕೂತರೆ ಚೆನ್ನೆಂದು ಸ್ಪರ್ಧಿ ಇಡೀ ಚಿತ್ರವನ್ನೇ ಕನ್ನಡಿಯ ಬಿಂಬದಂತೆ ಮಗುಚಿದ್ದರು. ನಾವು ಮೂವರೂ ಹತ್ತಕ್ಕೆ ಎಂಟು ಕೊಟ್ಟೆವು. ಕಾಫಿ ತಂದಿಟ್ಟ ನನ್ನವಳು ಬಗ್ಗಿ ನೋಡಿ, “ರೀ, ಈ ಮಿಷನ್ನಿಗೆ ಚಕ್ರ ಎಡಗಡೆ ಯಾಕಿದೆ?” ಎಂದಳು. ನೋಡಿದರೆ ಅಂಗಿಯ ಜೇಬೂ ಬಲ ಎದೆಗೆ ಹೋಗಿತ್ತು. ನ್ಯಾಯಶಾಸ್ತ್ರ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನಷ್ಟೇ ಒಪ್ಪುತ್ತದೆ. ಪತ್ನೀವಾಕ್ಯ ಅವುಗಳಲ್ಲಿಲ್ಲ. ಎಂಟು ಎಂಟಾಗಿಯೇ ಉಳಿಯಿತು.

ಎರಡನೆಯದು ಸುಕ್ಕುಸಿದ್ಧಾಂತ. ಕುಶಲತೆಯು ಮುಖದ ಸುಕ್ಕುಗಳಲ್ಲಿ ನೆಲೆಸಿರುತ್ತದೆ, ಕೈಯಲ್ಲಲ್ಲ ಎಂಬುದು ಇದರ ತಿರುಳು. ನಮಗೆ ಬಂದ ಕುಂಬಾರರು, ಕಮ್ಮಾರರು, ಮೇದಾರರಲ್ಲಿ ಅರವತ್ತರೊಳಗಿನವನು ಒಬ್ಬನೂ ಇರಲಿಲ್ಲ. ಇದ್ದರೂ ಇರಗೊಡುತ್ತಿರಲಿಲ್ಲ: ಎಡಿಟಿಂಗಿನಲ್ಲಿ ‘ಕ್ಲಾರಿಟಿ’ ಎಂಬ ಗುಂಡಿಯನ್ನು ಬಲಕ್ಕೆ ಜಗ್ಗಿದಷ್ಟೂ ಮನುಷ್ಯನಿಗೆ ವಯಸ್ಸಾಗುತ್ತದೆ. ಒಬ್ಬ ಕುಂಬಾರ ಮೂಲ ಫೈಲಿನಲ್ಲಿ ನಲವತ್ತರವನು. ಸ್ಪರ್ಧೆಗೆ ಬರುವಷ್ಟರಲ್ಲಿ ಎಂಬತ್ತು ದಾಟಿ ತನ್ನ ತಿಗರಿಗಿಂತ ಹೆಚ್ಚು ಬಿರುಕು ಬಿಟ್ಟಿದ್ದ. ಸುಕ್ಕಿನ ಸಹೋದರಿ ಕಪ್ಪು-ಬಿಳುಪು. ಇಳಕಲ್ಲಿನ ಸೀರೆ, ಕಿನ್ನಾಳದ ಗೊಂಬೆ, ಎಲ್ಲವನ್ನೂ ಬಣ್ಣ ತೆಗೆದು ಕಳಿಸಿದ್ದರು. ನ್ಯಾಯವಾಗಿ ಕಪ್ಪು-ಬಿಳುಪಿಗೆ ಹಕ್ಕುಳ್ಳ ಕಸುಬು ಬಿದರಿ ಒಂದೇ. ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆತ ನೀರಿನಲ್ಲಿ ಸತುವಿನ ಮೈ ಕಪ್ಪಾಗಿ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದೊಂದನ್ನು ಬಣ್ಣದಲ್ಲಿ ಕಳಿಸಿದ್ದರು. ಬೆಳ್ಳಿ ನೀಲಿಯಾಗಿತ್ತು.

ಮೂರನೆಯದು ಧೂಮಾನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಾರ್ಕಿಕರು ಊಹಿಸುತ್ತಾರೆ. ಚಿತ್ರದಲ್ಲಿ ಹೊಗೆ ಕಂಡರೆ ಅಲ್ಲಿ ಬಹುಮಾನವಿದೆ ಎಂದು ಸ್ಪರ್ಧಿಗಳು ಊಹಿಸುತ್ತಾರೆ. ಅಗಸಾಲಿಯ ಊದುಕೊಳವೆಗೆ ಹೊಗೆ ಸರಿ, ಕಮ್ಮಾರನ ತಿದಿಗೆ ಹೊಗೆ ಸರಿ. ಆದರೆ ಚಪ್ಪಲಿ ಹೊಲಿಯುವವನ ಬೆನ್ನ ಹಿಂದೆ, ಬೀಗ ರಿಪೇರಿಯವನ ಬೆನ್ನ ಹಿಂದೆ, ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಅದೇ ಹೊಗೆ! ಮೂಗಿಟ್ಟರೆ ಊದುಬತ್ತಿಯ ವಾಸನೆ ಬರುವಂತಿತ್ತು. ಈ ಅನುಮಾನಕ್ಕೆ ಚಾಟ್ಸ್‌ವರ್ತ್‌ನಲ್ಲಿ ಸ್ಥಳೀಯ ಅಪವಾದವೊಂದಿದೆ. 2018ರ ನವೆಂಬರ್‌ನಲ್ಲಿ ವುಲ್ಸಿ ಕಾಳ್ಗಿಚ್ಚು ಹೊತ್ತಿದ್ದು ಇಲ್ಲಿಂದ ಅನತಿ ದೂರದ, ಒಂದು ಕಾಲಕ್ಕೆ ರಾಕೆಟ್ ಎಂಜಿನ್ನುಗಳನ್ನು ಪರೀಕ್ಷಿಸುತ್ತಿದ್ದ ಸಾಂಟಾ ಸುಸಾನಾ ಬೆಟ್ಟದ ಆವರಣದಲ್ಲಿ. ಅಂದಿನಿಂದ ಇಲ್ಲಿನವರು ಹೊಗೆ ಕಂಡರೆ ರಸಾಸ್ವಾದ ಮಾಡುವುದಿಲ್ಲ, ಪಾಸ್‌ಪೋರ್ಟ್ ಹುಡುಕುತ್ತಾರೆ.

ಉಪಮಾನ ಪ್ರಮಾಣದ ಚರ್ಚೆ ಊಟದ ಹೊತ್ತಾದ್ದರಿಂದ ಕೈಬಿಟ್ಟಿದೆ.

ಈಗ ಶಾಸ್ತ್ರದ ಅತ್ಯಂತ ಜಟಿಲ ಪ್ರಕರಣಕ್ಕೆ ಬರೋಣ: ಚನ್ನಪಟ್ಟಣದ ಬೊಂಬೆ ತಿರುಗುತ್ತಿತ್ತೇ, ನಿಂತಿತ್ತೇ? ಕಸುಬು ಇಷ್ಟು: ಲೇತಿಗೆ ಸಿಕ್ಕಿಸಿದ ಹಾಲೆಮರದ ತುಂಡು ಗಿರ್ರನೆ ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿಯ ಹೊಳಪು. ಚಿತ್ರದಲ್ಲಿ ಎಲ್ಲವೂ ಸ್ಫಟಿಕ ಸ್ಪಷ್ಟ. ಶಟರ್ ವೇಗ ಸೆಕೆಂಡಿನ 1,000ದಲ್ಲಿ ಒಂದಂಶ. ಸಾಫ್ಟ್‌ವೇರಿನವರು ಲೆಕ್ಕ ಹಾಕಿದರು: ಲೇತು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 25 ಸುತ್ತು, ಶಟರ್ ತೆರೆದಷ್ಟು ಹೊತ್ತಿಗೆ 9 ಡಿಗ್ರಿ. ಡಾಕ್ಟರು, ತಿರುಗುವ ಡ್ರಿಲ್ಲಿನ ನಿತ್ಯಾನುಭವದಿಂದ, ಉರುಟಾಗಿ ಕಡೆದ ವಸ್ತು ತಿರುಗಿದರೂ ಒಂದೇ, ನಿಂತರೂ ಒಂದೇ, ಕಣ್ಣಿಗೆ ಭೇದ ಕಾಣದು ಎಂದರು. ಇದು ನೇರವಾಗಿ ಅದ್ವೈತಕ್ಕೆ ಹೋಗುತ್ತದೆಂದು ನಾನು ಎಚ್ಚರಿಸಿದೆ. ಮುಕ್ಕಾಲು ಗಂಟೆ ಕಳೆಯಿತು. ಲೋಟ ಎತ್ತಿಕೊಳ್ಳಲು ಬಂದವಳು, “ಕರೆಂಟ್ ಹೋಗಿತ್ತೇನೋ. ಕಡ್ಡಿ ಹಸಿರು, ಬೊಂಬೆ ಕೆಂಪು. ತಿರುಗುತ್ತಿದ್ದರೆ ಹಸಿರು ಪಟ್ಟಿ ಬೀಳಬೇಕಿತ್ತಲ್ಲ?” ಎಂದು ಒಳಗೆ ಹೋದಳು. ಈ ಬಾರಿಯೂ ಪ್ರಮಾಣವಾಗಿ ಸ್ವೀಕರಿಸಲಿಲ್ಲ. ಕಾಕತಾಳೀಯ ಎಂದು ಟಿಪ್ಪಣಿ ಬರೆದುಕೊಂಡೆವು.

ನಾಮಕರಣ ಪ್ರಕರಣದಲ್ಲಿ ನನಗೆ ಸ್ವಲ್ಪ ಬೇಸರವಿದೆ, ಅಣಕು ಬಿಟ್ಟು ಹೇಳುತ್ತೇನೆ. ಅರ್ಜಿಯಲ್ಲಿ ಕ್ಯಾಮೆರಾದ ಹೆಸರಿಗೆ ಜಾಗವಿತ್ತು, ಲೆನ್ಸಿನ ಹೆಸರಿಗೆ ಜಾಗವಿತ್ತು, ಐಎಸ್‌ಒಗೆ ಜಾಗವಿತ್ತು. ಚಿತ್ರದಲ್ಲಿರುವ ಮನುಷ್ಯನ ಹೆಸರಿಗೆ ಜಾಗವಿರಲಿಲ್ಲ. ಆದ್ದರಿಂದ ಅವನು ‘ಶ್ರಮಜೀವಿ’, ಇಲ್ಲವೇ ‘ಬೆವರ ಹನಿ’, ಇಲ್ಲವೇ ‘ಶ್ರಮಜೀವಿ–2’. ಹನ್ನೆರಡನೇ ಶತಮಾನದವರಿಗೆ ಇಷ್ಟು ತೊಂದರೆಯಿರಲಿಲ್ಲ: ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎಂದು ಕಸುಬನ್ನೂ ಹೇಳಿದರು, ಹೆಸರನ್ನೂ ಉಳಿಸಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಹದಿಮೂರನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ ಮತ್ತೆ ಮತ್ತೆ ಕೆತ್ತಿದ್ದಾನೆ. ನಮ್ಮಲ್ಲಿ ಮೂಲೆಯಲ್ಲಿ ಬಂಗಾರದಕ್ಷರದ ವಾಟರ್‌ಮಾರ್ಕ್ ಹಾಕಿಕೊಂಡವರು ಗುಂಡಿ ಒತ್ತಿದವರು.

ಸಜ್ಜುಗೊಳಿಸಿದ್ದೋ ಸಹಜವೋ ಎಂಬ ವಿವಾದವನ್ನು ಇಲ್ಲಿ ಬಿಡುವಂತಿಲ್ಲ. ಛಾಯಾಗ್ರಾಹಕ ಅರ್ವಿಂಗ್ ಪೆನ್ 1950–51ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಕಸುಬುದಾರರನ್ನು ಅವರವರ ಬಟ್ಟೆ, ಅವರವರ ಹತಾರಗಳ ಜೊತೆಗೇ ಸ್ಟುಡಿಯೊಗೆ ಕರೆಸಿ, ಬರೀ ಪರದೆಯ ಮುಂದೆ ನಿಲ್ಲಿಸಿ ತೆಗೆದ. ಹೊಗೆಯಿಲ್ಲ, ಕಿಡಿಯಿಲ್ಲ. ಆ ಮಾಲೆಯ 252 ಚಿತ್ರಗಳನ್ನು ಇದೇ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂ 2008ರಲ್ಲಿ ಪಡೆದು ಮರುವರ್ಷ ಪ್ರದರ್ಶಿಸಿತು. ಅಮೆರಿಕದವರಲ್ಲಿ ಕೆಲವರು ಮಾತ್ರ ಹೇಳಿದ್ದು ಕೇಳದೆ ಕೆಲಸದ ಬಟ್ಟೆ ಕಳಚಿ, ಗಡ್ಡ ಹೆರೆದು, ಭಾನುವಾರದ ಸೂಟಿನಲ್ಲಿ ಬಂದು ನಿಂತರಂತೆ, ಹಾಲಿವುಡ್ಡಿಗೆ ಇದೇ ಮೊದಲ ಮೆಟ್ಟಿಲೆಂದು. ಚಾಟ್ಸ್‌ವರ್ತ್‌ನವರು ಇದಕ್ಕೆ ನಗುವಂತಿಲ್ಲ. ಇಲ್ಲಿ ಬಂಡೆಗಳೇ ವೇಷ ಕಟ್ಟಿವೆ. ಐವರ್ಸನ್ ರ‍್ಯಾಂಚಿನ ಕಲ್ಲುಗಳು ಕೌಬಾಯ್ ಚಿತ್ರಗಳಲ್ಲಿ ದುಡಿದದ್ದಲ್ಲದೆ, 1937ರ ‘ವೀ ವಿಲ್ಲಿ ವಿಂಕಿ’ಯಲ್ಲಿ ಬ್ರಿಟಿಷರ ಕಾಲದ ಭಾರತದ ಗಡಿಯಾಗಿಯೂ ನಟಿಸಿವೆ.

ಈ ಪರಂಪರೆಗೆ ಸೇರಿದ್ದು ‘ಶಿವಾರಪಟ್ಟಣದ ಶಿಲ್ಪಿ’. ಮಾಲೂರು ತಾಲ್ಲೂಕಿನ ಆ ಶಿಲ್ಪಿಗಳ ಊರನ್ನು ನಾನು ಕಂಡವನು, ಹಿಗ್ಗಿದೆ. ಬಂಡೆಯ ಮುಂದೆ ಬಿಳಿಗಡ್ಡದ ಹಿರಿಯರು ಉಳಿ ಹಿಡಿದು ಕೂತಿದ್ದಾರೆ. ಬಂಡೆಯ ತುಂಬ ಬಿಳಿ ಬಿಳಿ ಮಚ್ಚೆ. ಅದು ವಿಭೂತಿಯ ಧ್ವನಿ, ಆನಂದವರ್ಧನ ಕಂಡಿದ್ದರೆ ಧ್ವನ್ಯಾಲೋಕಕ್ಕೆ ಉದಾಹರಣೆಯಾಗಿ ಸೇರಿಸುತ್ತಿದ್ದ ಎಂದು ನಾನೇ ಒಂದೂವರೆ ಪುಟ ಬರೆದೆ. ಒಮ್ಮತದಿಂದ ಮೊದಲ ಬಹುಮಾನ.

ತಿರಸ್ಕೃತವಾದವುಗಳಲ್ಲಿ ಒಂದು ಏಳನೇ ಕ್ಲಾಸಿನ ಹುಡುಗಿಯದು. ಸಿಂಕಿನ ಕೆಳಗಿಂದ ಹೊರಚಾಚಿದ ಎರಡು ಬೂಟುಗಳು, ಮೇಲೆ ಬಾಗಿದ ಪೈಪಿನ ಒಂದು ತುಂಡು, ಅಷ್ಟೆ. ಮುಖವಿಲ್ಲ, ಆದ್ದರಿಂದ ಸುಕ್ಕಿಲ್ಲ. ಶೀರ್ಷಿಕೆಯ ಜಾಗದಲ್ಲಿ ಅವಳು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕಾರ್ಡಿನಿಂದ ಪ್ಲಂಬರಿನ ಹೆಸರು, ಫೋನ್ ನಂಬರ್ ನಕಲು ಮಾಡಿದ್ದಳು. ಜಾಹೀರಾತು ನಿಷಿದ್ಧ ಎಂಬ ನಿಯಮದ ಮೇರೆಗೆ ಅನರ್ಹ. ಆದರೂ ಮೂವರೂ ನಂಬರ್ ಬರೆದುಕೊಂಡೆವು. ಈ ಊರಿನಲ್ಲಿ ಒಳ್ಳೆ ಪ್ಲಂಬರ್ ಸಿಗುವುದೆಂದರೆ ಒಳ್ಳೆ ಸಂಬಂಧ ಸಿಕ್ಕ ಹಾಗೆ.

ಅಂತಿಮ ಸುತ್ತಿನ ದಿನ ಪಾಟ್‌ಲಕ್ ಇತ್ತು. ಬಿಸಿಬೇಳೆ ಬಾತಿನ ತಳ, ಹುಳಿಯ ನುಗ್ಗೆಕಾಯಿ ಸಿಪ್ಪೆ ಎಲ್ಲ ಸೇರಿ ಮಗಳ ಮನೆಯ ಸಿಂಕು ಕಟ್ಟಿಕೊಂಡಿತು. ಆ ನಂಬರಿಗೇ ಫೋನ್ ಮಾಡಿದೆವು. ಬಂದ, ನುಗ್ಗೆಯ ನಾರನ್ನು ಎಳೆದು ತೆಗೆದು ಇದು ಯಾವ ಹಗ್ಗ ಎಂದು ವಿಚಾರಿಸಿದ, ಕೈ ತೊಳೆದ. ಊಟದ ಮೇಜಿನ ಮೇಲೆ ಚಿತ್ರಗಳು ಹರಡಿದ್ದವು. ಸೌಜನ್ಯಕ್ಕೆ, ನೋಡಿ ಎಂದೆವು.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ ಯಾರೋ ಹುಡುಗ ಬಂದು ಕಲ್ಲಿನಲ್ಲಿ ದೋಷವಿದೆ ಎಂದ ಕಥೆ ನಮಗೆಲ್ಲ ಬಾಯಿಪಾಠ. ಮೈಗೆಲ್ಲ ಬಳಿದ ಗಂಧ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ, ಒಡೆದರೆ ಒಳಗೆ ಕಪ್ಪೆ. ಇತಿಹಾಸಕಾರರು ದಂತಕಥೆ ಎನ್ನುತ್ತಾರೆ. ಇರಲಿ. ನಮ್ಮ ಪ್ಲಂಬರಿಗೆ ಗಂಧವೂ ಬೇಕಾಗಲಿಲ್ಲ. ಕಮ್ಮಾರನ ಚಿತ್ರ ನೋಡಿ, ಕಬ್ಬಿಣ ಕಾದೇ ಇಲ್ಲ, ಕಿಡಿ ಎಲ್ಲಿಂದ ಹಾರಿತು ಎಂದ. ಶಿವಾರಪಟ್ಟಣದ ಶಿಲ್ಪಿಯನ್ನು ಎತ್ತಿಕೊಂಡು, ಉಳಿಯ ಬಾಯಿಗೆ ಅಡ್ಡ ಹೆಬ್ಬೆರಳಿಟ್ಟಿದ್ದಾನೆ, ಈತ ಒಂದೇ ಒಂದು ಏಟು ಹಾಕಿದ್ದರೂ ಬೆರಳು ಉಳಿಯುತ್ತಿರಲಿಲ್ಲ ಎಂದ. ಆಮೇಲೆ ಕಣ್ಣು ಕಿರಿದು ಮಾಡಿ, ಇದು ನಮ್ಮ ಸ್ಟೋನಿ ಪಾಯಿಂಟ್ ಅಲ್ಲವೇ, ಬಿಳಿ ಮಚ್ಚೆ ಬಂಡೆ ಹತ್ತುವವರ ಕೈಯ ಚಾಕ್‌ಪುಡಿ ಎಂದ. ವಿಚಾರಿಸಲಾಗಿ, ಶಿಲ್ಪಿಯು ಸ್ಪರ್ಧಿಯ ಸೋದರಮಾವ, ನಿವೃತ್ತ ಬ್ಯಾಂಕ್ ಮ್ಯಾನೇಜರು. ವಿಭೂತಿಯ ಒಂದೂವರೆ ಪುಟವನ್ನು ನಾನು ಮಡಚಿ ಜೇಬಿಗೆ ಹಾಕಿಕೊಂಡೆ.

ತಳದಲ್ಲಿದ್ದ ಹುಡುಗಿಯ ಚಿತ್ರವನ್ನು ಅವನೇ ಎಳೆದುಕೊಂಡ. ಬೂಟುಗಳನ್ನು ನೋಡಿ ಗುರುತು ಹತ್ತಲಿಲ್ಲ. ಪೈಪಿನ ಬಾಗನ್ನು ಬೆರಳಿನಿಂದ ಮುಟ್ಟಿ ಸ್ವಲ್ಪ ಹೊತ್ತು ನೋಡಿದ. ಈ ಜೋಡಣೆ ನನ್ನದು ಎಂದ. ನಟ್ಟು ಇನ್ನೂ ಪೂರ್ತಿ ಬಿಗಿದಿಲ್ಲ, ಆಗಲೇ ಫೋಟೊ ತೆಗೆದಿದ್ದಾರೆ, ಇದನ್ನು ಗೋಡೆಗೆ ಹಾಕಬೇಡಿ ಎಂದು ಕೇಳಿಕೊಂಡ.

ಬಿಲ್ಲು ಮೂರು ಬಹುಮಾನಗಳ ಒಟ್ಟು ಮೊತ್ತಕ್ಕಿಂತ ಕೊಂಚ ಹೆಚ್ಚೇ ಆಯಿತು. ಖಜಾಂಚಿ ಇದನ್ನು ಯಾವ ಬಾಬಿಗೆ ಹಾಕಲಿ ಮೇಷ್ಟ್ರೇ ಎಂದರು. ತೀರ್ಪುಗಾರರ ಗೌರವಧನ ಎಂದು ಬರೆಸಿದೆ.