ಮಂಗಳವಿಲ್ಲದ ಕಛೇರಿ

ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಮಗು ನಾಲ್ಕನೆಯದೋ ಐದನೆಯದೋ ಕ್ಲಾಸಿಗೆ ಬಂತೆಂದರೆ ಮನೆಗೊಂದು ಚೀಟಿ ಬರುತ್ತದೆ: ನಿಮ್ಮ ಮಗುವಿಗೆ ಯಾವ ವಾದ್ಯ ಬೇಕು, ಟಿಕ್ ಹಾಕಿ ಕಳಿಸಿ. ನಮ್ಮ ಮೇರಿಲ್ಯಾಂಡ್ ಕಡೆಯ ಕನ್ನಡದ ಅಪ್ಪ-ಅಮ್ಮಂದಿರು ಕಣ್ಣು ಮುಚ್ಚಿಕೊಂಡು ವಯಲಿನ್‌ಗೆ ಟಿಕ್ ಹಾಕುತ್ತಾರೆ. ನಾಳೆ ಮಗುವನ್ನು ಕರ್ನಾಟಕ ಸಂಗೀತದ ಪಾಠಕ್ಕೆ ದಬ್ಬಿದರೂ ಅದೇ ವಯಲಿನ್ ನಡೆಯುತ್ತದೆ, ಇನ್ನೊಂದರ ಖರ್ಚಿಲ್ಲ ಅನ್ನುವ ಲೆಕ್ಕಾಚಾರ. ನಮ್ಮ ಮನೆಯಲ್ಲೂ ಟಿಕ್ ಅಲ್ಲಿಗೇ ಬೀಳುವುದರಲ್ಲಿತ್ತು. ಅಷ್ಟರಲ್ಲಿ ಶಾಲೆಯ ಜಿಮ್‌ನಲ್ಲಿ ವಾದ್ಯ ತೋರಿಸುವ ಸಂಜೆ ಬಂತು.

ಅದೊಂದು ಹೆಣ್ಣು ನೋಡುವ ಶಾಸ್ತ್ರವೇ. ಉದ್ದನೆಯ ಮೇಜಿನ ಮೇಲೆ ಕೊಳಲು, ಟ್ರಂಪೆಟ್, ಟ್ರಂಬೋನ್, ಕ್ಲಾರಿನೆಟ್ ಎಲ್ಲ ಸಿಂಗಾರ ಮಾಡಿಕೊಂಡು ಕೂತಿದ್ದವು. ಬ್ಯಾಂಡ್ ಟೀಚರು ನಮ್ಮ ಹುಡುಗನ ತುಟಿ ನೋಡಿದರು, ಹಲ್ಲು ನೋಡಿದರು, ಬೆರಳಿನ ಉದ್ದ ನೋಡಿದರು, ಒಂದೊಂದನ್ನೇ ಊದಿಸಿ, ಕ್ಲಾರಿನೆಟ್ಟೇ ಹೊಂದುತ್ತದೆ ಎಂದು ತೀರ್ಪು ಕೊಟ್ಟರು. ತಿಂಗಳ ಬಾಡಿಗೆ, ವಿಮೆ, ಮುರಿದರೆ ಹೊಣೆ ಯಾರದು ಎಂಬ ಪತ್ರಕ್ಕೆ ನಮ್ಮವರು ಅಲ್ಲೇ ಸಹಿ ಹಾಕಿದರು. ಒಂದು ವರ್ಷ ನೋಡಿ, ಹೊಂದಿಕೆಯಾಗದಿದ್ದರೆ ವಾಪಸ್ ತಂದುಕೊಡಬಹುದು ಅನ್ನುವ ಷರತ್ತೊಂದು ಮಾತ್ರ ನಮ್ಮ ಶಾಸ್ತ್ರದಲ್ಲಿಲ್ಲ.

ಇಲ್ಲಿನ ಬ್ಯಾಂಡ್ ಮಕ್ಕಳ ಸರಳೆ ವರಸೆ ಎಂದರೆ 'ಹಾಟ್ ಕ್ರಾಸ್ ಬನ್ಸ್' ಎಂಬ ಮೂರೇ ಸ್ವರದ ಹಾಡು. ಸಂಜೆ ಆಫೀಸಿನಿಂದ ಬಂದು ಶೂ ಬಿಚ್ಚುವ ಹೊತ್ತಿಗೆ ಮೇಲಿನ ಕೋಣೆಯಿಂದ ಆ ಬನ್ನು ಮತ್ತೆ ಮತ್ತೆ ಉರುಳಿ ಬೀಳುತ್ತಿತ್ತು. ಒಂದು ದಿನ ಬನ್ನು ನಿಂತು ಇನ್ನೇನೋ ಶುರುವಾಯಿತು. ಚುರುಕಾದ, ಸ್ವಲ್ಪ ವಿಷಾದದ ರಾಗ.

"ಏನೋ ಪುಟ್ಟ ಅದು?"

"ಟೆಟ್ರಿಸ್ ಅಮ್ಮ."

"ಹೋಂವರ್ಕಾ?"

"ಅಲ್ಲಮ್ಮ, ಸುಮ್ನೆ."

ಸುಮ್ಮಸುಮ್ಮನೆ ನಮ್ಮ ಮನೆಯಲ್ಲಿ ಯಾರಾದರೂ ವಾದ್ಯ ಮುಟ್ಟಿದ್ದು ಅದೇ ಮೊದಲು. ನಾನು ವೀಣೆ ಕಲಿತದ್ದು ಗಂಡಿನ ಕಡೆಯವರು ಕೇಳಿದರೆ ಇರಲಿ ಅಂತ. ನಮ್ಮವರು ಮೃದಂಗ ಕಲಿತದ್ದು ಪಕ್ಕದ ಮನೆಯ ಹುಡುಗ ಕಲಿತ ಅಂತ.

ಕ್ಲಾರಿನೆಟ್ಟಿಗೇ ತೃಪ್ತಿಪಟ್ಟಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಹುಡುಗ ಒಂದು ಸಿದ್ಧಾಂತ ಮಂಡಿಸಿದ. ಮೊಜಾರ್ಟ್ ಕ್ಲಾರಿನೆಟ್ಟಿಗೆಂದು ಬರೆದದ್ದನ್ನು ಕ್ಲಾರಿನೆಟ್ಟಿನಲ್ಲಿ ನುಡಿಸಬೇಕು, ಸರಿ. ಆದರೆ 1985ರಲ್ಲಿ ಕೋಜಿ ಕೊಂಡೋ ಮಾರಿಯೋ ಹಾಡು ಬರೆದದ್ದು ಯಾವ ವಾದ್ಯಕ್ಕೂ ಅಲ್ಲ, ನಿಂಟೆಂಡೋ ಪೆಟ್ಟಿಗೆಯೊಳಗಿನ ಚಿಪ್ಪಿಗೆ. ಆ ಚಿಪ್ಪಿಗಿದ್ದದ್ದು ಐದೇ ಗಂಟಲು. ಚೌಕ ಅಲೆಯ ಎರಡು ರಾಗ ಹಾಡುತ್ತವೆ, ತ್ರಿಕೋನ ಅಲೆಯದು ಮಂದ್ರ ಹಿಡಿಯುತ್ತದೆ, ನಾಲ್ಕನೆಯದಕ್ಕೆ ಬರೀ 'ಸ್ಸ್ ಸ್ಸ್' ಎಂದು ತಾಳ ಹಾಕುವ ಕೆಲಸ, ಐದನೆಯದು ಮೊದಲೇ ಮುದ್ರಿಸಿಟ್ಟ ಚೂರುಪಾರು ಸದ್ದು ಹೊರಡಿಸುತ್ತದೆ. "ಹಾಗಾಗಿ ಮಾರಿಯೋ ಹಾಡಿಗೆ ಸ್ವಂತ ವಾದ್ಯವೇ ಇಲ್ಲಮ್ಮ. ಯಾವುದ್ರಲ್ಲಿ ನುಡಿಸಿದ್ರೂ ಸರಿ. ಐದು ಗಂಟಲು ಅಂದ್ರೆ ಐದು ವಾದ್ಯ ಬೇಕು."

ಈ ತರ್ಕವನ್ನು ಮುರಿಯಲು ನಮ್ಮಿಬ್ಬರಿಂದಲೂ ಆಗಲಿಲ್ಲ. ಯೋಚಿಸಿದರೆ ಅವನು ಹೇಳಿದ್ದರಲ್ಲಿ ನಿಜವೂ ಇದೆ. ಒಬ್ಬೊಬ್ಬನೇ ಕೂತು ಐದಾರು ವಾದ್ಯ ನುಡಿಸಿ, ಎಲ್ಲವನ್ನೂ ಜೋಡಿಸಿ ಒಂದೇ ವಿಡಿಯೋ ಮಾಡುವ ಹುಚ್ಚು ಆಟದ ಸಂಗೀತದವರಿಗೆ ಹತ್ತಿರುವುದು ಸುಮ್ಮನೆ ಅಲ್ಲ. ಮೂಲದಲ್ಲಿ ವಾದ್ಯದ ಹೆಸರೇ ಇಲ್ಲದಿರುವಾಗ ಅದನ್ನು ತುಂಬುವ ಹಕ್ಕು ನುಡಿಸುವವನದು. ಅಂತೂ ಮನೆಗೆ ಯೂಕಲೇಲಿ ಬಂತು. ಊದುವ ಕೊಳವೆ ಸಿಕ್ಕಿಸಿದ ಹಾರ್ಮೋನಿಯಂ ಮಾದರಿಯ ಮೆಲೋಡಿಕಾ ಬಂತು. ಕೂತು ಬಡಿಯುವ ಪೆಟ್ಟಿಗೆ ಬಂತು. 1998ರ 'ಜೆಲ್ಡಾ' ಆಟದ ಹುಡುಗ ಒಕರಿನಾ ಊದಿಯೇ ಮಳೆ ಬರಿಸುತ್ತಾನೆ, ಹಗಲನ್ನು ರಾತ್ರಿ ಮಾಡುತ್ತಾನೆ ಎಂದು ಮಣ್ಣಿನ ಒಕರಿನಾ ಬಂತು. ಟ್ರಂಬೋನ್ ಮಾತ್ರ ಮತ್ತೆ ಬಾಡಿಗೆಗೆ.

ಜೂನ್‌ನಲ್ಲಿ ಮೈಸೂರಿನಿಂದ ಅತ್ತೆ ಬಂದರು. ಬಂದ ಮರುದಿನವೇ ಮೊಮ್ಮಗ ಟ್ರಂಬೋನಿನ ತುದಿಯ ಕೀಲು ಒತ್ತಿ, ಒಳಗೆ ಕಟ್ಟಿದ್ದ ನೀರನ್ನು ಪೇಪರಿನ ಮೇಲೆ ಸುರಿಯುವುದು ಅವರ ಕಣ್ಣಿಗೆ ಬಿತ್ತು.

"ಏನೋ ಅದು?"

"ಎಂಜಲು ಅಜ್ಜಿ. ಊದಿದ್ದು ಒಳಗೆ ನಿಂತಿರತ್ತೆ."

ಅತ್ತೆ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ಅವರು ವಾದ್ಯಗಳನ್ನೆಲ್ಲ ಸಾಲಾಗಿ ಇಡಿಸಿ ವಿಚಾರಣೆ ನಡೆಸಿದರು. ತಂತಿಯದಕ್ಕೆ ದೋಷವಿಲ್ಲ. ಹಿತ್ತಾಳೆಯದನ್ನು ಹುಣಸೆಹಣ್ಣು ಹಾಕಿ ಉಜ್ಜಿದರೆ ಸರಿಹೋಗುತ್ತದೆ. ಮರದ್ದು ನಡೆಯುತ್ತದೆ, ನಾಗಸ್ವರದವರು ಊದುವುದಿಲ್ಲವೇ. ಆದರೆ ಒಕರಿನಾ? "ಮಣ್ಣಿನದ್ದು ಒಂದ್ಸಲ ಎಂಜಲಾದ್ರೆ ಮುಗೀತು ಕಣೋ, ಬಿಸಾಡ್ಬೇಕು." ಒಕರಿನಾಕ್ಕೆ ದೇವರಮನೆಯ ಕಡೆ ತಲೆಹಾಕಬಾರದೆಂಬ ಷರತ್ತಿನ ಮೇಲೆ ಜೀವದಾನವಾಯಿತು. ಬಾಡಿಗೆ ಟ್ರಂಬೋನನ್ನು ಹುಣಸೆಹುಳಿ ತಗಲುವ ಮೊದಲೇ ನಾನು ಕಿತ್ತುಕೊಂಡೆ. ಅದರ ಹೊಳಪಿನ ಮೆರುಗೆಣ್ಣೆ ಹೋದರೆ ವಿಮೆಯವರಿಗೆ ಮಡಿ-ಮೈಲಿಗೆ ಅರ್ಥಮಾಡಿಸುವುದು ಯಾರು?

ನನ್ನ ದೂರು ಎಂಜಲಿನದ್ದಲ್ಲ, ಚಂಚಲತೆಯದು. "ಒಂದನ್ನಾದ್ರೂ ನೆಟ್ಟಗೆ ಕಲೀಲಿ ಅಂತ ನೀವಾದ್ರೂ ಹೇಳಿ ಅತ್ತೆ" ಎಂದೆ.

"ನಾಲ್ವಡಿಯವ್ರಿಗೆ ಎಂಟು ವಾದ್ಯ ಬರ್ತಿತ್ತಂತೆ. ವೀಣೆ, ಪಿಟೀಲು, ಮೃದಂಗ, ಪಿಯಾನೋ, ಸ್ಯಾಕ್ಸೋಫೋನು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತಿದ್ದೂ ನಮ್ಮ ಅರಮನೆ ಬ್ಯಾಂಡು ನೋಡಿಯೇ."

"ಅವ್ರಿಗೆ ಅರಮನೆ ಇತ್ತು ಅತ್ತೆ. ನಮ್ದು ಟೌನ್‌ಹೌಸು. ಗೋಡೆಯಾಚೆ ಇನ್ನೊಂದು ಸಂಸಾರ ಇದೆ."

ಅತ್ತೆ ಕೇಳಿಸಿಕೊಳ್ಳಲಿಲ್ಲ. ಅವರ ಗಮನ ಆಗಲೇ ಮೇಲಿನ ಕೋಣೆಯ ಕಡೆ ಹೋಗಿತ್ತು. ತೊಡೆಯ ಮೇಲೆ ಬೆರಳು ಮಡಿಸುತ್ತಾ ಗುನುಗತೊಡಗಿದರು: "ಪಾ, ರಿಗಮಾ, ಗರಿಸಾ, ಸಗಪಾ, ಮಗರೀ... ಇದು ನಠಭೈರವಿ ಕಣೇ! ಇಪ್ಪತ್ತನೇ ಮೇಳ." ಕೆಳಗಿಳಿದು ಬಂದ ಮೊಮ್ಮಗ ಹಾಡಿನ ಪೂರ್ವಾಪರ ಹೇಳಿದ. ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ 1984ರಲ್ಲಿ ಟೆಟ್ರಿಸ್ ಕಟ್ಟಿದ್ದು, 1989ರಲ್ಲಿ ಅದು ಗೇಮ್‌ಬಾಯ್‌ಗೆ ಬಂದಾಗ 'ಕೊರೊಬೆಯ್ನಿಕಿ' ಎಂಬ ರಷ್ಯದ ಜನಪದ ಧಾಟಿ ಅದಕ್ಕೆ ಸೇರಿದ್ದು, ಆ ಹಾಡಿನ ಮಾತು 1861ರ ನೆಕ್ರಾಸೊವ್ ಕವಿಯ ಪದ್ಯದಿಂದ ಬಂದದ್ದು, ಅದರಲ್ಲೊಬ್ಬ ಪೆಟ್ಟಿಗೆ ಹೊತ್ತ ವ್ಯಾಪಾರಿ ಬಟ್ಟೆಬರೆ ಮಾರುತ್ತಾ ಹುಡುಗಿಯ ಹತ್ತಿರ ಚೌಕಾಸಿ ಮಾಡುವುದು.

"ನಮ್ಮ ಬಳೆಗಾರನ ಹಾಗೆ ಅನ್ನು" ಎಂದರು ಅತ್ತೆ. ಅಲ್ಲಿಂದ ಟೆಟ್ರಿಸ್ ನಮ್ಮ ಮನೆಯಲ್ಲಿ ಬಳೆಗಾರನ ಹಾಡಾಯಿತು.

ಮಾರಿಯೋ ಹಾಡು ಮಾತ್ರ ಅತ್ತೆಗೆ ಒಗ್ಗಲಿಲ್ಲ. ಶುದ್ಧವಾಗಿ ಗಾಂಧಾರದಲ್ಲಿ ಎದ್ದದ್ದು ಎರಡನೇ ಸಾಲಿಗೆ 'ದ ನಿ ನಿ ದ' ಎಂದು ಎರಡು ನಿಷಾದಗಳನ್ನು ಪಕ್ಕಪಕ್ಕ ಕೂರಿಸಿಕೊಂಡು ಬರುತ್ತದೆ. "ಇಬ್ರನ್ನೂ ಒಂದೇ ಮಣೆ ಮೇಲೆ ಕೂರಿಸಿದ್ರೆ ಹೇಗೋ?" ಎಂದು ಗೊಣಗಿದವರು ತಟ್ಟನೆ ನಿಂತು, "ಇದನ್ನ ನಾನು ಎಲ್ಲೋ ಕೇಳಿದೀನಿ" ಎಂದರು. ಸೋಫಾದಲ್ಲಿದ್ದ ನಮ್ಮವರು ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು. ಅತ್ತೆಯ ನೆನಪು ತಪ್ಪುವಂಥದ್ದಲ್ಲ. ಸರಸ್ವತಿಪುರದ ಎದುರುಮನೆ. ಟಿ.ವಿ.ಗೆ ಚುಚ್ಚುವ ಕ್ಯಾಸೆಟ್ ಆಟ. ಎಸ್ಸೆಸ್ಸೆಲ್ಸಿ ಓದುವ ರಜೆ. "ಕಂಬೈನ್ಡ್ ಸ್ಟಡಿ ಅಂತ ಹೋಗಿ ದಿನಾ ಈ ಟುಂಯ್ ಟುಂಯ್ ಕೇಳ್ತಿದ್ದಿದ್ದು ನೀನೇ ಅಲ್ವೇನೋ?" ಮೂರು ದಶಕದ ಹಿಂದಿನ ಕೇಸು ಮೇರಿಲ್ಯಾಂಡಿನಲ್ಲಿ ಮರುವಿಚಾರಣೆಗೆ ಬಂತು. ಗಣಿತದಲ್ಲಿ ಬಂದ ಅಂಕ ಎಷ್ಟೆಂದು ಮೊಮ್ಮಗನ ಎದುರಿಗೇ ಬಯಲಾಯಿತು. ಅಂದಿನಿಂದ ನಮ್ಮವರು ವಾದ್ಯಗಳ ಖರ್ಚಿನ ಮಾತೆತ್ತಿಲ್ಲ.

ಅವರ ಮನಸ್ಸು ಪೂರ್ತಿ ತಿರುಗಿದ್ದು ಸರ್ಕಾರದ ಮೊಹರು ಬಿದ್ದಿರುವುದು ತಿಳಿದ ಮೇಲೆ. ಇದೇ ಮಾರಿಯೋ ಹಾಡನ್ನು 2023ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 2011ರಲ್ಲೇ 'ಸಿವಿಲೈಜೇಷನ್' ಆಟದ ಸ್ವಾಹಿಲಿ ಹಾಡಿಗೆ ಕ್ರಿಸ್ಟೋಫರ್ ಟಿನ್ ಗ್ರ್ಯಾಮಿ ಗೆದ್ದಿದ್ದರಂತೆ. ಇನ್ನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2005ರಿಂದ ಬರೀ ಆಟದ ಸಂಗೀತವನ್ನೇ ನುಡಿಸುವ ಆರ್ಕೆಸ್ಟ್ರಾ ನಡೆಸುತ್ತಿದ್ದಾರೆ. ಕಾಲೇಜು ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ನಮ್ಮವರು ಕನ್ನಡಕ ಸರಿಮಾಡಿಕೊಂಡು ಕೂತರು.

ಇತ್ತ ಅಜ್ಜಿ-ಮೊಮ್ಮಗನಿಗೆ ಬೇರೆಯೇ ಜಗಳ. ಅವನು ಶುರುಮಾಡಿದ್ದು ನಿಲ್ಲುವುದೇ ಇಲ್ಲ, ಕೊನೆಗೆ ಬಂದು ಮತ್ತೆ ಮೊದಲಿಗೆ ಹೋಗುತ್ತದೆ. "ಮಂಗಳ ಯಾವಾಗ ಹಾಡ್ತೀಯೋ?" ಎಂದು ಅಜ್ಜಿ. ಆಟದ ಹಾಡಿಗೆ ಕೊನೆ ಅಂತ ಇರುವುದಿಲ್ಲ, ಆಡುವವನು ಸಾಯುವವರೆಗೂ ಸುತ್ತುತ್ತಲೇ ಇರುತ್ತದೆ ಎಂದು ಮೊಮ್ಮಗ. "ಬಿಡ್ತು ಅನ್ನು! ಕೈಯಲ್ಲಿ ವಾದ್ಯ ಹಿಡ್ಕೊಂಡು ಎಂಥಾ ಮಾತು!" ಎಂದು ಅತ್ತೆ ಅವತ್ತೇ ಅವನನ್ನು ಕೂರಿಸಿ, ಒಂದೇ ಜತಿಯನ್ನು ಮೂರು ಸಲ ಹೇಳಿ ಸಮಕ್ಕೆ ಬಂದು ಬೀಳುವ ಮುಕ್ತಾಯ ಕಲಿಸಿದರು. ಅವನು ಅದನ್ನು ಎಲ್ಲದರ ತುದಿಗೂ ಹಚ್ಚತೊಡಗಿದ. ಜೆಲ್ಡಾಕ್ಕೆ ಕೂಡ.

ಶನಿವಾರ ರೆಕಾರ್ಡಿಂಗು. ಪರದೆಯ ಮೇಲೆ ಆರು ಚೌಕ, ಆರರಲ್ಲೂ ಇವನೇ. ಬೇರೆ ಬೇರೆ ಜನರ ಹಾಗೆ ಕಾಣಲಿ ಅಂತ ಚೌಕಕ್ಕೊಂದು ಅಂಗಿ. ಮೂರು ನಿಮಿಷದ ಹಾಡಿಗೆ ಒಂದು ವಾಷಿಂಗ್ ಮೆಷಿನ್ ತುಂಬುವಷ್ಟು ಬಟ್ಟೆ. ರೆಕಾರ್ಡಿಂಗ್ ಹೊತ್ತಿನಲ್ಲಿ ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು, ಊರಿನಿಂದ ಫೋನ್ ಬಂದರೆ ಅಮ್ಮ ಗ್ಯಾರೇಜಿಗೆ ಹೋಗಿ ಮಾತಾಡಬೇಕು. ಆದರೂ ಒಂದು ದಿನ ಅತ್ತೆ ದೋಸೆಗೆ ಚಟ್ನಿ ರುಬ್ಬಿಬಿಟ್ಟರು. ಹುಡುಗ ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಅವನು ಕೇಳಿ ನೋಡಿ, "ಇರ್ಲಿ, ಇದು ನಾಲ್ಕನೇ ಗಂಟಲು" ಎಂದು ಮಿಕ್ಸಿಯನ್ನು ಹಾಗೇ ಉಳಿಸಿಕೊಂಡ. ವಿಡಿಯೋದ ಕೊನೆಗೆ ವಾದ್ಯದವರ ಹೆಸರು ಬರುವಲ್ಲಿ ಅಜ್ಜಿಯ ಹೆಸರೂ ಇದೆ.

ನವೆಂಬರ್‌ನಲ್ಲಿ ನಮ್ಮ ಕಡೆಯ ಕನ್ನಡ ಕೂಟದ ರಾಜ್ಯೋತ್ಸವ. ಮಕ್ಕಳ ಕಾರ್ಯಕ್ರಮಕ್ಕೆ ಒಂದು ಫಾರಂ ಇರುತ್ತದೆ: ರಾಗ, ತಾಳ, ರಚನೆ. ವಿಡಿಯೋ ಗೇಮ್ ಎಂದು ಬರೆದರೆ ಸಮಿತಿಯವರು ಅಲ್ಲೇ ಹರಿದುಹಾಕುತ್ತಾರೆ ಎಂದು ನನಗೆ ಭಯ. ಅತ್ತೆ ಪೆನ್ನು ಕಿತ್ತುಕೊಂಡು ತುಂಬಿದರು: ನಠಭೈರವಿ, ಆದಿ, ಜಾನಪದ. ಒಂದಕ್ಷರ ಸುಳ್ಳಿಲ್ಲ. ನಿರೂಪಕಿ ಅದನ್ನೇ ಭಕ್ತಿಯಿಂದ ಓದಿದರು. ಇವನ ಕ್ಲಾರಿನೆಟ್, ಗೆಳೆಯನ ಕೀಬೋರ್ಡ್, ಇನ್ನೊಬ್ಬನ ಮೃದಂಗ. ಮೊದಲ ಸಾಲು ಮುಗಿಯುವಷ್ಟರಲ್ಲಿ ಹಿಂದಿನ ಕುರ್ಚಿಗಳಲ್ಲಿ, ಬಿಸಿಬೇಳೆಬಾತ್ ಯಾವಾಗ ಎಂದು ಕಾಯುತ್ತಿದ್ದ ನಡುವಯಸ್ಸಿನ ಗಂಡಸರ ಸಾಲೊಂದು ಎಚ್ಚೆತ್ತಿತು. ಎರಡನೇ ಸಾಲಿಗೆ ಅವರೆಲ್ಲ ತಾಳ ಹಾಕುತ್ತಿದ್ದರು. ಮೃದಂಗದ ಹುಡುಗ ಮುಕ್ತಾಯ ಕೊಟ್ಟಾಗ ಮುಂದಿನ ಸಾಲಿನಲ್ಲಿ ಅತ್ತೆ ಮಾತ್ರ ಗಂಭೀರವಾಗಿದ್ದರು. ಎರಡನೇ ಸುತ್ತಿನಲ್ಲಿ ಅವನು ಅರ್ಧ ಮಾತ್ರೆ ತಿಂದಿದ್ದ.

ಊಟದ ಸಾಲಿನಲ್ಲಿ ನನ್ನನ್ನು ಅಮ್ಮಂದಿರು ಸುತ್ತುಗಟ್ಟಿದರು. ಯಾವ ಕ್ಲಾಸಿಗೆ ಕಳಿಸ್ತೀರಾ? ಫೀಸೆಷ್ಟು? ಆನ್‌ಲೈನಾ? ಕಾಲೇಜು ಅರ್ಜೀಲಿ ಹಾಕ್ಕೋಬಹುದಾ? ಕ್ಲಾಸಿಲ್ಲ, ಆಟ ಆಡಿ ಆಡಿ ತಾನೇ ಕಲಿತ ಎಂದೆ. ಒಬ್ಬರೂ ನಂಬಲಿಲ್ಲ. "ಬಿಡಿ, ಹೇಳೋಕೆ ಇಷ್ಟ ಇಲ್ದಿದ್ರೆ ಬಲವಂತ ಇಲ್ಲ" ಎಂದು ಒಬ್ಬರು ಹಪ್ಪಳ ತೆಗೆದುಕೊಂಡು ಆಚೆ ಹೋದರು. ಮುಂದಿನ ವಾರವೆಲ್ಲ ಗುರುಗಳ ನಂಬರ್ ಕೇಳಿ ಮೆಸೇಜು. ಸಾಕಾಗಿ ನಮ್ಮವರು ಅತ್ತೆಯ ವಾಟ್ಸಾಪ್ ನಂಬರ್ ಕೊಟ್ಟುಬಿಟ್ಟರು.

ಅತ್ತೆ ಈಗ ಮೈಸೂರಿನಲ್ಲಿದ್ದಾರೆ. ಶನಿವಾರ ಸಂಜೆ ಅವರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ, ಇಲ್ಲಿನ ನಾಲ್ಕು ಮನೆಯ ಮಕ್ಕಳಿಗೆ ಆ ಹೊತ್ತಿನಲ್ಲಿ ಪಾಠ. ಸರಳೆ, ಜಂಟಿ, ಅಲಂಕಾರ ಮುಗಿಯದೆ ಟೆಟ್ರಿಸ್ ಕೇಳಕೂಡದು, ಗೀತೆ ಬಂದ ಮೇಲಷ್ಟೇ ಜೆಲ್ಡಾ ಎಂದು ಮೊದಲ ದಿನವೇ ಹೇಳಿದ್ದಾರಂತೆ. ಮಾರಿಯೋ ಕಲಿಸುವುದಿಲ್ಲ. ಎರಡು ನಿಷಾದ.