ಸಣ್ಣ ಹಡಗು, ದೊಡ್ಡ ತಕರಾರು

"ಅಷ್ಟು ದುಡ್ಡು ಸುರಿದರೂ ಹಡಗಿನಲ್ಲಿ ಮಕ್ಕಳಿಗೊಂದು ಜಾರುಬಂಡೆಯೂ ಇಲ್ಲವಂತಲ್ಲ!" ಎನ್ನುತ್ತಾರೆ ಯಜಮಾನರು. "ಸುತ್ತ ಕಡಲೇ ಇದೆಯಲ್ಲ ಸಾರ್," ಎನ್ನುತ್ತಾನೆ ಏಜೆಂಟ್. ಗಲಾಪಗೋಸ್ ದ್ವೀಪಗಳಿಗೆ ಸಣ್ಣ ಹಡಗಿನಲ್ಲಿ ಸಂಸಾರ ಸಮೇತ ಹೊರಡುವವರ ಮೊದಲ ತಕರಾರೇ ಇದು. ನನ್ನ ವಾದ ಇಷ್ಟೇ: ಅಲ್ಲಿ ಏನೇನು ಇಲ್ಲವೋ ಅದಕ್ಕೇ ದುಡ್ಡು ಕೊಡುವುದು. ಅಲ್ಲಿ ಒಂದು ಹಡಗಿಗೆ 100 ಪ್ರಯಾಣಿಕರೇ ಮಿತಿ. ಎಷ್ಟೋ ಹಡಗುಗಳಲ್ಲಿ ಇರುವುದು 16 ಜನ. ನೆಲದ ಶೇ. 97ರಷ್ಟು ರಾಷ್ಟ್ರೀಯ ಉದ್ಯಾನ. ದಡಕ್ಕಿಳಿದರೆ ಮಾರ್ಗದರ್ಶಿಯ ಹಿಂದೆಯೇ ನಡೆಯಬೇಕು, ಪ್ರಾಣಿಗಳಿಂದ 2 ಮೀಟರ್ ದೂರ ನಿಲ್ಲಬೇಕು. ಕಾಲುದಾರಿಗೆ ಅಡ್ಡಲಾಗಿ ಕಡಲಸಿಂಹ ಮಲಗಿದ್ದರೆ ಬಳಸಿಕೊಂಡು ಹೋಗಬೇಕಾದವರು ನಾವೇ.

"ಮಕ್ಕಳಿಗೆ ಬೇಜಾರಾಗುವುದಿಲ್ಲವೇ?" ಮಕ್ಕಳಿಗಲ್ಲ, ಅಪ್ಪನಿಗೆ. ನೀಲಿ ಪಾದದ ಬೂಬಿ ಹಕ್ಕಿ ಹೆಣ್ಣಿನೆದುರು ಒಂದೊಂದೇ ಕಾಲೆತ್ತಿ ಕುಣಿಯುವುದನ್ನು ಮಗು ಬಾಯಿಬಿಟ್ಟು ನೋಡುತ್ತಿದ್ದರೆ, ಅಪ್ಪ ಮೊಬೈಲ್ ಎತ್ತಿ ಸಿಗ್ನಲ್ ಹುಡುಕುತ್ತಿರುತ್ತಾನೆ. "ಸಿರಿವಂತರ ಶೋಕಿ ತಾನೇ ಇದು?" ಈ ಮಾತನ್ನು ತಳ್ಳಿಹಾಕುವಂತಿಲ್ಲ. 2024ರ ಆಗಸ್ಟ್‌ನಿಂದ ಬಹುತೇಕ ವಿದೇಶಿ ವಯಸ್ಕರಿಗೆ ಪ್ರವೇಶ ಶುಲ್ಕವೇ 200 ಡಾಲರ್. ಅದಕ್ಕೂ ಮುಂಚೆ 100 ಇತ್ತು. ಆದರೆ ಅಗ್ಗವಾಗಲೆಂದು ಸಾವಿರಾರು ಜನರ ಹಡಗು ಬಿಟ್ಟರೆ, ನೋಡಲು ಹೋದದ್ದೇ ಉಳಿಯುವುದಿಲ್ಲ. ಕೈ ಬಿಗಿಯಿದ್ದವರು ಸಾಂತಾ ಕ್ರೂಸ್ ದ್ವೀಪದ ಊರಿನಲ್ಲಿ ತಂಗಿ, ಬೆಳಗ್ಗೆ ಹೋಗಿ ಸಂಜೆ ಮರಳುವ ದೋಣಿ ಹಿಡಿಯಬಹುದು. ಹೇಳಿದಷ್ಟು ದೂರ ನಿಲ್ಲಲು ಒಪ್ಪದ ಸಂಸಾರ ಮಾತ್ರ ಬೇರೆ ಕಡಲಿನ ದೊಡ್ಡ ಹಡಗು ಹತ್ತುವುದೇ ಕ್ಷೇಮ, ಅವರಿಗೂ, ಆಮೆಗಳಿಗೂ.