ಹತ್ತು ವ್ಯಾಟಿನ ಸೋದರಮಾವ

ನಮ್ಮ ಮನೆತನದಲ್ಲಿ ಆಂಪ್ಲಿಫಯರ್ ವಿಷಯಕ್ಕೆ ನನ್ನದೇ ಕೊನೆಯ ಮಾತು. ಹೈಸ್ಕೂಲಿನ ಕಾಲದಲ್ಲಿ ನಮ್ಮ ಬೀದಿಯ 'ಗೆಳೆಯರ ಬಳಗ' ಕೂರಿಸುತ್ತಿದ್ದ ಗಣೇಶನ ಪೆಂಡಾಲಿನಲ್ಲಿ ಮೈಕ್ ಸೆಟ್ ಪಕ್ಕದ ಕಬ್ಬಿಣದ ಕುರ್ಚಿ ನನಗೇ ಮೀಸಲಾಗಿತ್ತು. ಅಹುಜಾ ಆಂಪ್ಲಿಫಯರಿನ ಗುಂಡಿ ಮುಟ್ಟುವ ಅಧಿಕಾರ ಮೈಕ್ ಸೆಟ್‌ನವನನ್ನು ಬಿಟ್ಟರೆ ನನಗೊಬ್ಬನಿಗೇ. ಅದೂ ಅವನು ಊಟಕ್ಕೆ ಹೋದಾಗ ಮಾತ್ರ, ಅನ್ನಿ. ಆದರೂ ತೆಂಗಿನಮರಕ್ಕೆ ಕಟ್ಟಿದ ಹಾರ್ನಿನಿಂದ "ಹಲೋ ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಎಂದು ಇಡೀ ಊರಿಗೆ ಕೇಳಿಸಿದವನ ಮಾತು ತೆಗೆದುಹಾಕುವ ಧೈರ್ಯ ನಮ್ಮ ನೆಂಟರಲ್ಲಿ ಯಾರಿಗಿದೆ? ಹಾಗಾಗಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗಳು ಯಾರೋ ಸೀನಿಯರ್ ಹತ್ತಿರ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಕೊಂಡು, ಅದಕ್ಕೊಂದು ಆಂಪ್ ಬೇಕು ಅಂದಾಗ ತಂಗಿ ನನಗೇ ಫೋನ್ ಮಾಡಿದಳು. "ಅಣ್ಣ, ನಿಂಗೆ ಇದೆಲ್ಲ ಗೊತ್ತಲ್ಲ, ಅವಳ ಜೊತೆ ಒಂದ್ಸಲ ಹೋಗ್ಬಾ."

ಗೊತ್ತಿಲ್ಲ ಅನ್ನುವ ಅಭ್ಯಾಸ ನಮ್ಮ ಕಡೆ ಗಂಡಸರಿಗಿಲ್ಲ. ಹೋದೆ.

"ಎಷ್ಟು ವ್ಯಾಟ್ ಬೇಕು ಪುಟ್ಟಿ?" ಅಂದೆ, ಆಟೋದಲ್ಲಿ. "ಹತ್ತು ಸಾಕು ಮಾಮ" ಅಂದಳು. ನನ್ನ ಎದೆ ಧಸಕ್ಕೆಂದಿತು. ಹತ್ತು ವ್ಯಾಟಿನಲ್ಲಿ ನಮ್ಮ ಗಣೇಶನಿಗೆ ಮಂಗಳಾರತಿಯೂ ಆಗುತ್ತಿರಲಿಲ್ಲ! ಹೇಗೂ ದುಡ್ಡು ಕೊಡುವವನು ಮಾವ, ನಲವತ್ತರದ್ದೇ ತಗೋ, ಮುಂದಕ್ಕಾಗುತ್ತದೆ ಅಂದೆ. ಎಲೆಕ್ಟ್ರಾನಿಕ್ಸ್ ಓದುವ ಹುಡುಗಿ ಸುಮ್ಮನಿರುತ್ತಾಳೆಯೇ? ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ ಮೂರು ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತರಷ್ಟಾಗಬೇಕು ಎಂದು ಸಿಗ್ನಲ್ ಹಸಿರಾಗುವುದರೊಳಗೆ ಪಾಠ ಮುಗಿಸಿದಳು. ವ್ಯಾಟಿಗೆ ಇಷ್ಟು ಅಂತ ಲೆಕ್ಕ ಹಾಕಿ ಚೌಕಾಸಿ ಮಾಡಲು ಹೊರಟಿದ್ದ ನನ್ನ ಯೋಜನೆ ಅಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ಆದದ್ದನ್ನು ಹೇಳುವ ಮೊದಲು ನನ್ನ ಅವತಾರ ಹೇಳಬೇಕು. ತಿರುಪತಿಗೆ ಮುಡಿ ಕೊಡುವ ಹರಕೆ ಬಾಕಿಯಿತ್ತು. ಹೀಗಾಗಿ ಕೂದಲು ಭುಜಕ್ಕಿಳಿದಿತ್ತು, ಬಿಳಿಗಡ್ಡ ಎದೆ ಮುಟ್ಟುತ್ತಿತ್ತು. ಕೈಯ ಮೇಲೆಲ್ಲ ಹಚ್ಚೆ ಹಾಕಿಸಿಕೊಂಡಿದ್ದ ಸೇಲ್ಸ್ ಹುಡುಗ ಒಳಬಂದ ನಮ್ಮಿಬ್ಬರನ್ನೂ ನೋಡಿದ. ಬಾಬ್ ಕಟ್ಟಿನ, ಕನ್ನಡಕದ ಹುಡುಗಿಯನ್ನು ದಾಟಿ ನನ್ನ ಮುಂದೆ ಬಂದು ಕೈಗೆ ಗಿಟಾರ್ ಕೊಟ್ಟ. "ಪ್ಲಗ್ ಇನ್ ಮಾಡಿದೀನಿ, ಟ್ರೈ ಮಾಡಿ ಸರ್."

ಪುಟ್ಟಿ ಬಾಯಿ ತೆರೆದಳು. ನನ್ನ ಮುಖ ನೋಡಿ, ಬಾಯಿ ಮುಚ್ಚಿ, ಯುಕುಲೇಲೆಗಳ ಕಡೆ ನಡೆದುಬಿಟ್ಟಳು.

ಇಂಥ ಗಳಿಗೆಯಲ್ಲಿ ಸತ್ಯ ಹೇಳುವವನು ಸಂತ. ನಾನು ಸ್ಟೂಲ್ ಎಳೆದು ಕೂತೆ. ಗಿಟಾರ್ ತೊಡೆಯ ಮೇಲೆ ಜಾರುತ್ತಿತ್ತು, ಅಪ್ಪಿಕೊಂಡೆ. ಹುಡುಗ ಅಂಗೈಗೆ ಮೂರು ಮೂಲೆಯ ಪ್ಲಾಸ್ಟಿಕ್ ಚೂರೊಂದನ್ನು ಇಟ್ಟ, ಪಿಕ್ ಅಂತೆ. ಅದನ್ನು ಹೋಮಕ್ಕೆ ಕೂತ ಯಜಮಾನ ದರ್ಭೆ ಹಿಡಿದ ಹಾಗೆ ಹಿಡಿದೆ. ಮುಂದಿದ್ದ ಆಂಪ್ ಮೊಣಕಾಲೆತ್ತರಕ್ಕೂ ಬರುತ್ತಿರಲಿಲ್ಲ. ಗುಂಡಿಗಳನ್ನು ಓದಿದೆ. ವಾಲ್ಯೂಮ್, ಟ್ರೆಬಲ್, ಬೇಸ್: ಮೂರೂ ಹಳೆಯ ಪರಿಚಯ. ಹಾರ್ನಿಗೆ ಬೇಸ್ ಇಳಿಸು, ಟ್ರೆಬಲ್ ಏರಿಸು ಅನ್ನುವುದು ಪೆಂಡಾಲಿನ ಶಾಸ್ತ್ರ. ಹಾಗೇ ಮಾಡಿದೆ. ನಾಲ್ಕನೆಯದು ಗೇನ್. ಇದು ನಮ್ಮ ಕಾಲದಲ್ಲಿ ಕಂಡದ್ದಲ್ಲ. ಲಾಭವೆಂದ ಮೇಲೆ ಕಡಿಮೆ ಯಾಕಿರಬೇಕು ಎಂದು ಪೂರ್ತಿ ತಿರುಗಿಸಿದೆ. ಅಷ್ಟರಲ್ಲಿ ಇನ್ನಿಬ್ಬರು ಸೇಲ್ಸ್ ಹುಡುಗರು ಬಂದು ಕೈಕಟ್ಟಿ ನಿಂತಿದ್ದರು. ಶ್ರುತಿ ಹಿಡಿಯುವ ವಿದ್ವಾಂಸರಂತೆ ಕಣ್ಣು ಮುಚ್ಚಿ, ಆರೂ ತಂತಿಗಳ ಮೇಲೆ ಪಿಕ್ ಎಳೆದೆ.

ಆ ಸದ್ದನ್ನು ಹೇಗೆ ವರ್ಣಿಸಲಿ? ವಯೊಲಿನ್ ನೋಡುತ್ತಿದ್ದ ಹೆಂಗಸೊಬ್ಬರು ಮಗುವಿನ ಕಿವಿ ಮುಚ್ಚಿದರು. ಗೋಡೆಗೆ ನೇತುಹಾಕಿದ್ದ ಗಿಟಾರುಗಳೆಲ್ಲ ಗುಂಯ್‌ಗುಟ್ಟಿದವು. ಮುಖ್ಯವಾದ ವಿಷಯ, ಅದು ನಿಲ್ಲಲಿಲ್ಲ. ನಾನು ಕೈ ತೆಗೆದ ಮೇಲೂ ಕುಂಯ್ಯೋ ಎಂದು ಏರುತ್ತಲೇ ಹೋಯಿತು. ಆಗ ಒಳಗಿದ್ದ ಪೆಂಡಾಲಿನ ಹುಡುಗ ಎದ್ದು ಕೂತ. ಮೈಕ್ ಕೂಗುತ್ತಿದೆ! ಹಾರ್ನಿನ ಎದುರಿಗೆ ಮೈಕ್ ಹಿಡಿದರೆ ಆಗುವುದೇ ಇಲ್ಲೂ ಆಗಿತ್ತು: ಸ್ಪೀಕರಿನ ಸದ್ದು ತಂತಿಯನ್ನು ಅಲುಗಿಸುತ್ತದೆ, ತಂತಿ ಮತ್ತೆ ಸ್ಪೀಕರನ್ನು ಕೂಗಿಸುತ್ತದೆ. ಮದ್ದೂ ಗೊತ್ತಿತ್ತು, ಮುಖ ತಿರುಗಿಸಿಕೊಳ್ಳುವುದು. ಗಿಟಾರ್ ಸಮೇತ ಸ್ಟೂಲ್ ಮೇಲೆ ನಿಧಾನ ಎಡಕ್ಕೆ ತಿರುಗಿದೆ, ಕೂಗು ಇಳಿಯಿತು. ಅನುಮಾನ ಪರಿಹಾರಕ್ಕೆ ಬಲಕ್ಕೆ ತಿರುಗಿದೆ, ಮತ್ತೆ ಏರಿತು. ಎಡಕ್ಕೆ, ಬಲಕ್ಕೆ. ಇಳಿಯಿತು, ಏರಿತು. ನನಗೇ ಮಜಾ ಬಂದುಬಿಟ್ಟಿತು. ಹಚ್ಚೆಯ ಹುಡುಗನ ಕಣ್ಣು ತೇವವಾಗಿತ್ತು. "ಫೀಡ್‌ಬ್ಯಾಕ್ ಕಂಟ್ರೋಲ್ ಸೂಪರ್ ಸರ್! ಯಾವ ಬ್ಯಾಂಡಲ್ಲಿದ್ರಿ ಸರ್?"

"ಗೆಳೆಯರ ಬಳಗ" ಅಂದೆ.

"ಕನ್ನಡ ರಾಕ್! ಎಲ್ಲೆಲ್ಲಿ ಪ್ಲೇ ಮಾಡಿದೀರಿ ಸರ್?"

"ಎಲ್ಲಾ ಓಪನ್ ಏರ್."

ಒಂದಕ್ಷರವೂ ಸುಳ್ಳಲ್ಲ.

ಗೇನ್ ಅಂದರೆ ಏನೆಂದು ಆಮೇಲೆ ತಿಳಿಯಿತು. ಸದ್ದನ್ನು ಬೇಕೆಂದೇ ಒಡೆದು ಗೊರಗೊರ ಅನ್ನಿಸುವ ಗುಂಡಿ. ನಮ್ಮೂರಲ್ಲಿ ಆಂಪ್ಲಿಫಯರ್ ಗೊರಗುಟ್ಟಿದರೆ ಬಾಡಿಗೆ ಹಿಡಿಯುತ್ತಿದ್ದರು. ಇಲ್ಲಿ ಅದಕ್ಕೇ ಬೆಲೆ. ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹದಿನೇಳರ ಹುಡುಗ ತನ್ನ ಪುಟ್ಟ ಆಂಪಿನ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿ ಬಾರಿಸಿದ. ಆ ಗೊರಗೊರ ಸದ್ದಿನ ಹಾಡು 1964ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ನಮ್ಮ ಮೈಕ್ ಸೆಟ್‌ನವನ ಕೋನ್ ಸೀಳಿದ್ದರೆ ನಾನು ಹೋಗುತ್ತಿದ್ದ ಸ್ಥಾನವೇ ಬೇರೆ.

ಕೊನೆಗೆ ಪುಟ್ಟಿ ಬಂದು ಗಿಟಾರ್ ತೆಗೆದುಕೊಂಡಳು. ವಾಲ್ಯೂಮ್ ಒಂದಕ್ಕೆ ಇಳಿಸಿದಳು, ಆಂಪಿನ ಪಕ್ಕ ನೆಲದ ಮೇಲೆ ಕೂತು ಏನೋ ಬಾರಿಸಿದಳು. ಅಂಗಡಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ನಲವತ್ತು ವ್ಯಾಟಿನದನ್ನೂ ಹಾಗೇ ನೋಡಿದಳು: ಗುಂಡಿ ಒಂದು ಕೂದಲೆಳೆ ತಿರುಗಿಸಿದರೆ ಸದ್ದೇ ಇಲ್ಲ, ಎರಡು ಕೂದಲೆಳೆ ತಿರುಗಿಸಿದರೆ ಗದ್ದಲ. ಅವಳಿರುವ ಪಿಜಿಯ ರೂಮಿನಲ್ಲಿ ಮಂಚದಿಂದ ಮಂಚಕ್ಕೆ ಮೂರಡಿ. ಗಿಟಾರ್ ತಂದ ದಿನವೇ ಪಿಜಿ ಆಂಟಿ ಎಚ್ಚರಿಕೆ ಕೊಟ್ಟಾಗಿತ್ತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಅದೇ ರಸ್ತೆಯ ಕಲ್ಯಾಣ ಮಂಟಪದ ಡಿಜೆ ರಾತ್ರಿ ಹನ್ನೊಂದಕ್ಕೂ ಕಿಟಕಿ ನಡುಗಿಸುತ್ತಾನೆ; ಅವನ ಹತ್ತಿರ ಹೋಗಿ ಕೇಳುವ ಆಂಟಿ ಇನ್ನೂ ಹುಟ್ಟಿಲ್ಲ. ನಿಯಮವೆಲ್ಲ ಹತ್ತು ವ್ಯಾಟಿನವರಿಗೆ.

ಕಿವಿಯನ್ನು ಪೆಟ್ಟಿಗೆಗೆ ಆನಿಸಿ ಅಷ್ಟು ಮೆಲ್ಲಗೆ ಬಾರಿಸುತ್ತಿದ್ದ ಅವಳನ್ನು ನೋಡುತ್ತ ನನಗೆ ತಂಗಿಯ ನೆನಪಾಯಿತು. ಅವಳು ವೀಣೆಯಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದವಳು. ಮದುವೆಯಾದ ಮನೆಗೆ ವೀಣೆಯೂ ಹೋಯಿತು. ಅಲ್ಲಿ ಯಾರೂ ಬೇಡ ಅನ್ನಲಿಲ್ಲ. ಮಾವನವರು ಮಲಗಿದ್ದಾರೆ, ಸ್ವಲ್ಪ ಮೆತ್ತಗೆ ಅಂದರು. ಮಕ್ಕಳಿಗೆ ಪರೀಕ್ಷೆ, ಸ್ವಲ್ಪ ಮೆತ್ತಗೆ ಅಂದರು. ಅವಳು ಮೆತ್ತಗೆ ಮಾಡುತ್ತ ಮಾಡುತ್ತ ವೀಣೆ ಅಟ್ಟ ಸೇರಿತು. ಅದು ನಿಂತದ್ದು ಯಾವ ವರ್ಷ ಎಂದು ಕೇಳಿದರೆ ಅವಳಿಗೂ ನೆನಪಿಲ್ಲ. ಇಡೀ ಊರಿಗೆ ನನ್ನ ಒನ್ ಟೂ ತ್ರೀ ಕೇಳಿಸಿದ್ದೆ. ಯಾರೊಬ್ಬರೂ ನನಗೆ ಮೆತ್ತಗೆ ಅಂದಿರಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ಆರು ಸೆಲ್ ಹಾಕಿ ಓಡಿಸುವ, ನಾಲ್ಕಿಂಚು ಸ್ಪೀಕರಿನ ಬಾಸ್ ಕಟಾನಾ ಮಿನಿಯನ್ನು ತಿರುಗಿಸಿ ನೋಡಿದಳು. ಗಿಟಾರಿಗೇ ನೇರ ಚುಚ್ಚಿ ಹೆಡ್‌ಫೋನಿನಲ್ಲಿ ಮಾತ್ರ ಕೇಳುವ ವಾಕ್ಸ್ ಆಂಪ್ಲಗ್ ನೋಡಿದಳು. ಆಮೇಲೆ ಫೆಂಡರ್ ಫ್ರಂಟ್‌ಮನ್ 10ಜಿ ಸಾಕು ಅಂದಳು: ಹತ್ತು ವ್ಯಾಟ್, ಆರಿಂಚು ಸ್ಪೀಕರ್, ಮೊಬೈಲಿನ ಹಾಡು ಹಾಕಿಕೊಂಡು ಜೊತೆಗೆ ಬಾರಿಸಲು ಒಂದು ತೂತು, ಹೆಡ್‌ಫೋನಿಗೆ ಇನ್ನೊಂದು. ಬಿಲ್ ನಾನು ಕೊಟ್ಟೆ. ಕೇಬಲ್ಲಿಗೆ ಬೇರೆ ದುಡ್ಡು ಅಂದಾಗ ಹಚ್ಚೆಯ ಹುಡುಗ ಅಡ್ಡಬಂದು, "ಸರ್‌ಗೆ ಫ್ರೀ" ಅಂದ. ಕಲಾವಿದರಿಗೆ ನಮ್ಮ ನಾಡಿನಲ್ಲಿ ಇನ್ನೂ ಗೌರವವಿದೆ.

ಮಕ್ಕಳಿಗೆ ಆಂಪ್ ಕೊಡಿಸುವವರಿಗೆ ಗೆಳೆಯರ ಬಳಗದ ಈ ಹಳೆಯ ಸದಸ್ಯನ ತೀರ್ಪು ಇಷ್ಟು. ಹತ್ತು ವ್ಯಾಟ್ ಧಾರಾಳ ಸಾಕು. ಪೂರ್ತಿ ಸದ್ದಿನಲ್ಲಿ ಯಾವುದೂ ಭರ್ಜರಿಯಾಗೇ ಕೇಳುತ್ತದೆ. ವಾಲ್ಯೂಮ್ ಒಂದರಲ್ಲಿ ಚೆನ್ನಾಗಿ ನುಡಿಯುವುದನ್ನು ಕೊಳ್ಳಿ. ಹೆಡ್‌ಫೋನ್ ತೂತು ಇರಲೇಬೇಕು, ಆದರೆ ಅದೇ ಕಾಯಂ ಆಗದಿರಲಿ. ಸಂಜೆ ಅರ್ಧ ಗಂಟೆ ಹುಡುಗಿ ಅದನ್ನು ಕಿತ್ತು ಗಟ್ಟಿಯಾಗಿ ಬಾರಿಸಲಿ, ತಪ್ಪುತಪ್ಪಾಗೇ ಬಾರಿಸಲಿ. ಪಕ್ಕದ ಮನೆಯಲ್ಲಿರುವ ನೀವು "ಸ್ವಲ್ಪ ಮೆತ್ತಗೆ" ಅನ್ನಲು ಎದ್ದಿದ್ದರೆ, ದಯವಿಟ್ಟು ಕೂತ್ಕೊಳ್ಳಿ.